ಬೆಂಗಳೂರಿನ ದುಡಿಯುವ ಮಹಿಳೆಯರು: ಗಿರಣಿಯಿಂದ ಗಾರ್ಮೆಂಟ್ಸ್‌ವರೆಗೆ

ಬೆಂಗಳೂರಿನ ಮಹಿಳಾ ದುಡಿಮೆಯ ಚರಿತ್ರೆಯನ್ನು ಓದುವವರು ಪ್ರತಿಯೊಂದು ಘಟ್ಟದಲ್ಲೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ದುಡಿಯುತ್ತಿದ್ದ ಹೆಂಗಸಿನ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತೇ? ಕಟ್ಟಡದ ಕೆಲಸದಲ್ಲಿ ಮಣ್ಣು ಹೊರುವವರು, ಸೊಪ್ಪು ಹೂವು ಮಾರುವವರು, ಪೇಟೆಯ ನೇಕಾರರ ಮನೆಗಳಲ್ಲಿ ನೂಲು ಸುತ್ತುವವರು ಈ ಊರಿನಲ್ಲಿ ಹಿಂದಿನಿಂದಲೂ ಇದ್ದರು. ಹೆಸರು ದಾಖಲಾದವರಿಗೆ ಮುಂದೆ ರಜೆ, ಹೆರಿಗೆ ಭತ್ಯೆ, ಭವಿಷ್ಯ ನಿಧಿಗಳು ದೊರೆತವು. ಉಳಿದವರಿಗೆ ಅಂದಂದಿನ ಕೂಲಿಯಷ್ಟೇ ದೊರೆಯಿತು.

1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಗಿರಣಿ ಹಾಗೂ ಅನಂತರದ ಮಿನರ್ವ ಗಿರಣಿಗಳು ನಗರದ ಮೊದಲ ದೊಡ್ಡ ಕಾರ್ಖಾನೆಗಳ ಸಾಲಿಗೆ ಸೇರುತ್ತವೆ. ಅಲ್ಲಿ ಮಹಿಳೆಯರೂ ಇದ್ದರು, ಆದರೆ ಅವರ ಪಾಲು ಬೆಳೆಯಲಿಲ್ಲ. ಇದಕ್ಕೆ ಕಾನೂನಿನೊಳಗೇ ಒಂದು ಕಾರಣವಿದೆ. 1948ರ ಕಾರ್ಖಾನೆ ಕಾಯ್ದೆಯ 66ನೆಯ ಕಲಮು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರನ್ನು ದುಡಿಸುವುದನ್ನು ನಿಷೇಧಿಸಿತು. ರಕ್ಷಣೆಯ ಉದ್ದೇಶದ ಈ ನಿಯಮವು ಮೂರು ಪಾಳಿಯಲ್ಲಿ ಓಡುವ ಗಿರಣಿಯ ಮಾಲೀಕರಿಗೆ ಗಂಡಸರನ್ನೇ ಸೇರಿಸಿಕೊಳ್ಳಲು ನೆಪವನ್ನೂ ಒದಗಿಸಿತು. ಹೆರಿಗೆ ಭತ್ಯೆ ಮತ್ತು ಶಿಶುಪಾಲನಾ ಕೊಠಡಿಯ ಖರ್ಚು ಮಾಲೀಕರ ಮೇಲೇ ಬಿದ್ದದ್ದು ಆ ನೆಪವನ್ನು ಇನ್ನಷ್ಟು ಬಲಪಡಿಸಿತು.

ಸ್ವಾತಂತ್ರ್ಯಾನಂತರ ಸಾರ್ವಜನಿಕ ವಲಯದ ಕಾರ್ಖಾನೆಗಳಾದ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಸ್ಥಾಪನೆಯಾದವು. ದೂರವಾಣಿ, ಕೈಗಡಿಯಾರ, ರೇಡಿಯೊ ಬಿಡಿಭಾಗಗಳ ಜೋಡಣೆಗೆ ಮಹಿಳೆಯರನ್ನು ತೆಗೆದುಕೊಂಡಾಗ, ಅವರ ಬೆರಳುಗಳು ನಾಜೂಕು ಎಂಬ ಮಾತನ್ನು ಕಾರಣವಾಗಿ ಹೇಳುತ್ತಿದ್ದರು. ಕಲಿತು ಗಳಿಸಿದ ಕೌಶಲ್ಯವನ್ನು ಹುಟ್ಟುಗುಣವೆಂದು ಕರೆದರೆ ಅದಕ್ಕೆ ಹೆಚ್ಚಿನ ಸಂಬಳ ಕೊಡಬೇಕಾಗುವುದಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ಹಾಗಿದ್ದರೂ ಕಾಯಂ ನೌಕರಿ, ಕಂಪನಿಯ ಬಸ್ಸು, ಕ್ಯಾಂಟೀನು ಮತ್ತು ನಿವೃತ್ತಿಯ ಹಣ ಇವು ಒಂದು ತಲೆಮಾರಿನ ಹೆಣ್ಣುಮಕ್ಕಳ ಬದುಕನ್ನು ನಿಜವಾಗಿ ಮೇಲೆತ್ತಿದವು.

ಅದೇ ಕಾಲದಲ್ಲಿ ನಗರದ ಸಣ್ಣ ಮನೆಗಳಲ್ಲಿ ಹೆಂಗಸರು ಸಾವಿರಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಅಗರಬತ್ತಿ ಹೊಸೆಯುತ್ತಿದ್ದರು. ಹಿಟ್ಟನ್ನೂ ಬಿದಿರು ಕಡ್ಡಿಯನ್ನೂ ಗುತ್ತಿಗೆದಾರರು ತಂದುಕೊಟ್ಟು ಹೊಸೆದ ಕಡ್ಡಿಯನ್ನು ಒಯ್ಯುತ್ತಿದ್ದುದರಿಂದ ಕಾರ್ಖಾನೆಯೆಂಬ ಜಾಗವೇ ಇರಲಿಲ್ಲ. 1981ರ ಜನಗಣತಿ ಮುಖ್ಯ ಮತ್ತು ಅಲ್ಪಾವಧಿ ಕೆಲಸಗಾರರೆಂದು ವಿಂಗಡಿಸಿತಾದರೂ, ಕೇಳಿದಾಗ ‘ಮನೇಲೇ ಇರ್ತೀನಿ’ ಎಂದು ಹೇಳುವವರ ದುಡಿಮೆ ಯಾವ ಕಾಲಮ್ಮಿಗೂ ಸುಲಭವಾಗಿ ಬರುವುದಿಲ್ಲ.

ಎಪ್ಪತ್ತರ ದಶಕದಿಂದ ರಫ್ತು ಉಡುಪಿನ ಘಟಕಗಳು ಬೆಳೆದು, ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಗಳ ಉದ್ದಕ್ಕೂ ಹರಡಿದವು. ಇಲ್ಲಿ ದುಡಿಯುವವರಲ್ಲಿ ಮಹಿಳೆಯರೇ ಬಹುಪಾಲು. ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಲೈನಿನಲ್ಲಿ ಒಬ್ಬರು ಕಾಲರು, ಮತ್ತೊಬ್ಬರು ಕಫ್, ಇನ್ನೊಬ್ಬರು ಜೇಬು ಹೀಗೆ ದಿನವಿಡೀ ಒಂದೇ ಹೊಲಿಗೆ ಹಾಕುತ್ತಾರೆ. ಹೆಲ್ಪರ್ ದಾರ ಕತ್ತರಿಸಿ ಮುಂದಕ್ಕೆ ಕೊಡುತ್ತಾಳೆ, ಗಂಟೆಗೊಮ್ಮೆ ಎಷ್ಟು ಪೀಸ್ ಆಯಿತೆಂದು ಬರೆಯಲಾಗುತ್ತದೆ, ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರನ ಬೈಗುಳ ಕೇಳಬೇಕಾಗುತ್ತದೆ. ನೀರು ಕುಡಿದರೆ ಶೌಚಾಲಯಕ್ಕೆ ಎದ್ದುಹೋಗಬೇಕಾದೀತೆಂದು ಬಾಯಾರಿಕೆಯನ್ನು ತಡೆದುಕೊಳ್ಳುವುದು ಈ ಕೆಲಸದ ಕುರಿತು ಮತ್ತೆ ಮತ್ತೆ ಕೇಳಿಬರುವ ದೂರು.

ಈ ಘಟ್ಟದಲ್ಲಿ ವಿವರವಾಗಿ ಓದಲೇಬೇಕಾದದ್ದು 2016ರ ಏಪ್ರಿಲ್ ತಿಂಗಳ ಪಿಎಫ್ (ಭವಿಷ್ಯ ನಿಧಿ) ಪ್ರತಿಭಟನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 7,000 ರೂಪಾಯಿ ಎಂದಿಟ್ಟುಕೊಂಡರೆ, ಶೇ 12ರಂತೆ 840 ರೂಪಾಯಿ ಕಾರ್ಮಿಕಳ ಸಂಬಳದಿಂದ ಕಡಿತವಾಗುತ್ತದೆ. ಮಾಲೀಕರು ಕಟ್ಟುವ 840ರಲ್ಲಿ ಸುಮಾರು 583 ರೂಪಾಯಿ ಪಿಂಚಣಿಗೆ ಹೋಗಿ 257 ರೂಪಾಯಿ ಪಿಎಫ್‌ಗೆ ಸೇರುತ್ತದೆ. ಪಿಎಫ್‌ಗೆ ಸೇರುವ ಮಾಲೀಕರ ಪಾಲಿನ ಈ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ನಿಯಮ ಮಾಡಿತು. ಸಣ್ಣ ಮೊತ್ತಕ್ಕೆ ಇಷ್ಟು ದೊಡ್ಡ ಸಿಟ್ಟೇಕೆ ಎಂದು ಕೇಳುವವರಿಗೆ ಉತ್ತರ ಕೆಲಸದ ಸ್ವರೂಪದಲ್ಲೇ ಇದೆ: ಕಣ್ಣು, ಬೆನ್ನು ಸೋತು ಬಹಳಷ್ಟು ಮಂದಿ 58ಕ್ಕೆ ಎಷ್ಟೋ ಮೊದಲೇ ಕೆಲಸ ಬಿಡುತ್ತಾರೆ, ಸಾಲ ತೀರಿಸಲು, ಮಕ್ಕಳ ಫೀಸು ಕಟ್ಟಲು, ಮನೆಯ ಅಡ್ವಾನ್ಸ್ ಕೊಡಲು ಅವರಿಗಿರುವ ಇಡಿಗಂಟು ಅದೊಂದೇ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಹಿಳೆಯರು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕುಳಿತು ಸಂಚಾರ ನಿಲ್ಲಿಸಿದರು. ಕಲ್ಲುತೂರಾಟ, ಬೆಂಕಿ ಹಚ್ಚುವಿಕೆ, ಪೊಲೀಸರ ಲಾಠಿ ಪ್ರಹಾರ ಎಲ್ಲವೂ ನಡೆದವು. ಯಾವ ಸಂಘಟನೆಯೂ ಮುಂದೆ ನಿಂತು ಕರೆ ಕೊಡದಿದ್ದ ಈ ಪ್ರತಿಭಟನೆಯ ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ನನ್ನ ಅಭಿಪ್ರಾಯದಲ್ಲಿ ನಗರದ ಕಾರ್ಮಿಕ ಚರಿತ್ರೆಯಲ್ಲಿ ಇದಕ್ಕೆ, 1980–81ರ 77 ದಿನಗಳ ಸಾರ್ವಜನಿಕ ವಲಯದ ಮುಷ್ಕರಕ್ಕೆ ಇರುವಷ್ಟೇ ಮಹತ್ವವಿದೆ.

ಬೀದಿ ಗುಡಿಸುವ ಪೌರಕಾರ್ಮಿಕರಲ್ಲೂ ಮಹಿಳೆಯರೇ ಹೆಚ್ಚು. ಗುತ್ತಿಗೆದಾರರ ಕೈಕೆಳಗೆ ಸಂಬಳಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ ಇವರಿಗೆ 2017ರ ನಂತರ ಪಾಲಿಕೆಯಿಂದ ನೇರ ಪಾವತಿ ಶುರುವಾಯಿತು. 2022ರ ಜುಲೈ ತಿಂಗಳಲ್ಲಿ ಅವರು ಮುಷ್ಕರ ಹೂಡಿದ ಬಳಿಕ, ಕಾಯಂ ಮಾಡಬೇಕೆಂಬ ಬೇಡಿಕೆಗೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು.