ಪದ ಪರಿಚಯ: ಲಘು ಪೋಷಕಾಂಶ

ಚಿಂತಾಮಣಿಯ ಗೊಬ್ಬರದಂಗಡಿಯಲ್ಲಿ 'ಲಘು ಪೋಷಕಾಂಶ ಕೊಡಿ' ಅಂತ ಕೇಳಿದರೆ ಅಂಗಡಿಯವರು ಒಂದು ಗಳಿಗೆ ಮುಖ ನೋಡಿಯಾರು. 'ಮೈಕ್ರೋ ಕೊಡಣ್ಣ' ಅಂದರೆ ಪ್ಯಾಕೆಟ್ ತಕ್ಷಣ ಬರುತ್ತದೆ. ಕೆಲವರ ಬಾಯಲ್ಲಿ ಅದು 'ಟಾನಿಕ್ಕು'. ಈ ಕೊನೆಯ ಹೆಸರು ನನಗೆ ಹಿಡಿಸುವುದಿಲ್ಲ. ಟಾನಿಕ್ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು ಅಲ್ವಾ? ಇದು ಹಾಗಲ್ಲ.

'ಲಘು' ಅನ್ನುವುದು ಇಲ್ಲಿ ಅಳತೆಯ ಮಾತು. ಸಾರಜನಕ, ರಂಜಕ, ಪೊಟ್ಯಾಷ್ ಬೆಳೆಗೆ ಕಿಲೋಗಟ್ಟಲೆ ಬೇಕು. ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕಲ್ ಬೇಕಾಗುವುದು ಬಹಳ ಕಮ್ಮಿ. ಅದರಲ್ಲೂ ಮಾಲಿಬ್ಡಿನಂ ಎಕರೆಗೆ ಕೆಲವೇ ಗ್ರಾಂ. ಹಾಗಂತ ಬಿಟ್ಟರೆ ನಡೆಯದು. ಪಾತ್ರೆ ತುಂಬಾ ಹಾಲಿಗೆ ಹೆಪ್ಪು ಎಷ್ಟು ಹಾಕುತ್ತೇವೆ? ಅಷ್ಟು ಇಲ್ಲದಿದ್ದರೆ ಮೊಸರಿಲ್ಲ.

ಬಟಾಣಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹೂವಿನ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ತೆಗೆಯಿರಿ. ಬೇರಿನ ಮೇಲಿನ ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ನಮ್ಮ ರಕ್ತದ ಹಾಗೆ ಆ ಕೆಂಪಿನಲ್ಲೂ ಕಬ್ಬಿಣವಿದೆ. ಸಾರಜನಕ ಹಿಡಿಯುವ ಕಿಣ್ವಕ್ಕೆ ಮಾಲಿಬ್ಡಿನಂ ಕೂಡ ಬೇಕು. ಇವು ಸಿಗದೆ ಗಂಟು ಸೋತರೆ ಗಿಡ ಬಿಳಿಚಿಕೊಳ್ಳುತ್ತದೆ, ನಾವು ಸುಮ್ನೆ ಯೂರಿಯಾ ಎರಚುತ್ತೇವೆ.

ಇನ್ನು ಕಾಯಿ. ಬೋರಾನ್ ಕಮ್ಮಿಯಾದರೆ ಪರಾಗ ಸರಿಯಾಗಿ ಮೊಳೆಯುವುದಿಲ್ಲ, ಕಾಳು ಕಟ್ಟುವುದಿಲ್ಲ. ಮ್ಯಾಂಗನೀಸ್ ಕೊರತೆ ಇನ್ನೂ ಕಳ್ಳ. ಹೊರಗೆ ಕಾಳು ಚೆನ್ನಾಗಿಯೇ ಇರುತ್ತದೆ, ಬೇಳೆ ಬಿಡಿಸಿದರೆ ನಡುವೆ ಕಂದು ಮಚ್ಚೆ. ಲಾಭದ ಲೆಕ್ಕ ಇಲ್ಲೇ ಇರುವುದು. ಮೂರು ಕಾಳಿನ ಕಾಯಿಯಾಗಲಿ ಎಂಟು ಕಾಳಿನದಾಗಲಿ, ಕಾಯಿ ಕೀಳಲು ಬಂದವರಿಗೆ ಕೊಡುವ ದಿನಗೂಲಿ ಒಂದೇ. ತೂಕ ಒಂದೇ ಅಲ್ಲ.

ಹಾಗಾದರೆ ತಿಪ್ಪೆ ಗೊಬ್ಬರಕ್ಕೂ ಇದಕ್ಕೂ ಏನು ನಂಟು? ಅಂಗಡಿಯಲ್ಲಿ 'ಚಿಲೇಟೆಡ್ ಜಿಂಕ್' ಅಂತ ದುಬಾರಿ ಪ್ಯಾಕೆಟ್ ಇರುತ್ತದಲ್ಲ, ಜಿಂಕ್ ಅಂದರೆ ಸತು. 'ಚಿಲೇಟೆಡ್' ಪದದ ಮೂಲ ಗ್ರೀಕ್ ಭಾಷೆಯದು, ಏಡಿಯ ಕೊಂಡಿ ಅಂತ ಅರ್ಥ. ನಮ್ಮ ಮನೆಯ ಇಕ್ಕಳ ಅಂದುಕೊಳ್ಳಿ. ಸತುವನ್ನು ಇಕ್ಕಳದಲ್ಲಿ ಹಿಡಿದಿಟ್ಟರೆ ಅದು ಮಣ್ಣಿಗೆ ಕಚ್ಚಿಕೊಳ್ಳದೆ ಬೇರಿಗೆ ಸಿಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಹ್ಯೂಮಿಕ್ ಆಮ್ಲವೂ ಇದೇ ಕೆಲಸ ಮಾಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಮ್ಮಿ. ಅಂದರೆ ಇಕ್ಕಳವೇ ಕಮ್ಮಿ. ಆದರೆ ಗೊಬ್ಬರ ಕಳಿತಿರಬೇಕು. ಹಸಿ ಸಗಣಿ ತಂದು ಸುರಿದರೆ ಗೊಣ್ಣೆಹುಳುವೂ ಜೊತೆಗೆ ಬರುತ್ತದೆ.

ಪ್ಯಾಕೆಟ್ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಚಿಂತಾಮಣಿ ಕಡೆಯವರಿಗೆ ಕುರುಬೂರು, ಕೋಲಾರದವರಿಗೆ ಟಮಕ, ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರವಿದೆ. ಬೋರಾನ್ ವಿಷಯದಲ್ಲಂತೂ ಅಂದಾಜು ಬೇಡ. ಸಾಕು ಅನ್ನುವುದಕ್ಕೂ ಜಾಸ್ತಿ ಅನ್ನುವುದಕ್ಕೂ ನಡುವೆ ಜಾಗ ಬಹಳ ಕಿರಿದು, ಮೀರಿದರೆ ಎಲೆಯಂಚು ಸುಡುತ್ತದೆ. ಹೆಪ್ಪು ಜಾಸ್ತಿಯಾದ ಮೊಸರು ಹುಳಿಯಾದ ಹಾಗೆ.

ಸತುವಿನ ಗೊಬ್ಬರವಾದ ಜಿಂಕ್ ಸಲ್ಫೇಟನ್ನು, ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಕಲಸಿ ಹಾಕಬೇಡಿ. ರಂಜಕ ಸತುವನ್ನು ಹಿಡಿದುಕೊಂಡು ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಪುಡಿಯಾದ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ, ಬಿತ್ತನೆಗೆ ಮುಂಚೆ ಬೇರೆಯಾಗಿ ಎರಚಿ.