ಮನೆಯಲ್ಲಿ ಬೆಕ್ಕಿದೆ, ಮಗಳು ಬಸುರಿ: ಭಯಪಡಬೇಕಾ?

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಬೆಕ್ಕಿನಿಂದ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ತೊಂದರೆಯಂತೆ, ಹೌದಾ? ನಾವು ಮಾಂಸ ತಿನ್ನುವವರಲ್ಲ. ಬೆಕ್ಕನ್ನು ಎಲ್ಲಾದರೂ ಬಿಟ್ಟು ಬರಬೇಕಾ?
– ಓದುಗರೊಬ್ಬರು, ಶಿರಸಿ

ಬೆಕ್ಕನ್ನು ಬಿಟ್ಟು ಬರಬೇಡಿ. ನಿಮ್ಮಂಥ ಮನೆಯಲ್ಲಿ ಬೆಕ್ಕಿಗಿಂತ ತೋಟದ ಹಸಿ ಮಣ್ಣಿನ ಕಡೆ ಜಾಸ್ತಿ ಗಮನ ಬೇಕು.

ಈ ರೋಗ ತರುವುದು ಟಾಕ್ಸೋಪ್ಲಾಸ್ಮಾ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಇದು ತಗುಲುತ್ತದೆ. ಮೊದಲ ಸಲ ತಗುಲಿದಾಗ ಒಂದರಿಂದ ಮೂರು ವಾರ ಅದರ ಹೇಲಿನಲ್ಲಿ ಈ ಜೀವಿಯ ಮೊಟ್ಟೆಗಳು ಹೊರಬರುತ್ತವೆ. ಹೊರಬಿದ್ದು 1ರಿಂದ 5 ದಿನವಾದ ಮೇಲೆ ಅವು ಸೋಂಕು ಹರಡುತ್ತವೆ. ನಮ್ಮ ಕಡೆಯಂಥ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿಯೂ ಇರುತ್ತವೆ. ಬೆಕ್ಕನ್ನು ಮುದ್ದಿಸಿದರೆ ರೋಗ ಬರುವುದು ತೀರಾ ಅಪರೂಪ. ಬೇರೆ ಮನೆಗಳಲ್ಲಿ ಅರೆಬೆಂದ ಮಾಂಸವೂ ಒಂದು ದಾರಿ. ನಿಮಗೆ ಉಳಿಯುವುದು ಮಣ್ಣಾದ ಕೈ, ಸರಿಯಾಗಿ ತೊಳೆಯದ ಸೊಪ್ಪು, ಕಾಯಿಸದ ನೀರು.

ಒಂದೆಲಗದ ತಂಬುಳಿಯನ್ನೇ ನೋಡಿ. ನೆಲಕ್ಕಂಟಿ ಬೆಳೆಯುವ ಎಲೆ, ಹಸಿಯಾಗಿಯೇ ರುಬ್ಬುತ್ತೇವೆ ಅಲ್ವಾ? ತಂಬುಳಿ ಬಿಡಬೇಕಿಲ್ಲ. ಎಲೆಯನ್ನು ಹರಿಯುವ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, ಕುದಿಸಿ ರುಬ್ಬಿ. ತೋಟದ ಕೆಲಸ, ಬೆಕ್ಕಿನ ಹೇಲು ತೆಗೆಯುವುದು ಬೇರೆಯವರಿಗಿರಲಿ.

ಮುಖ್ಯವಾಗಿ ಬಸುರಿಯಲ್ಲಿ ಮೊದಲ ಸಲ ಸೋಂಕಾದರೆ ಮಗುವಿನ ಚಿಂತೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ದಾಟುವುದು ಕಡಿಮೆ, ದಾಟಿದರೆ ಪೆಟ್ಟು ಜೋರು. ಕೊನೆಯ ತಿಂಗಳುಗಳಲ್ಲಿ ಇದು ಉಲ್ಟಾ. ಈ ಜೀವಿ ಮಿದುಳಿನೊಳಗೆ ಬೆಳೆದು ಜೀವಕೋಶಗಳನ್ನು ಸಾಯಿಸುತ್ತದೆ. ಅಲ್ಲಿ ಸುಣ್ಣದ ಕಲೆಗಳು ಉಳಿಯುತ್ತವೆ. ಮಿದುಳಿನ ನೀರು ಹರಿಯುವ ದಾರಿ ಕಟ್ಟಿಕೊಂಡರೆ ತಲೆ ಊದುತ್ತದೆ. ಫಿಟ್ಸ್ ಬರಬಹುದು, ಕಲಿಕೆ ನಿಧಾನವಾಗಬಹುದು, ಕಣ್ಣಿನ ಒಳಪದರ ಹಾಳಾಗಬಹುದು. ಸೋಂಕಿದ್ದರೂ ಹೆಚ್ಚಿನ ಮಕ್ಕಳು ಹುಟ್ಟಿದಾಗ ಚೆನ್ನಾಗಿಯೇ ಕಾಣುತ್ತವೆ. ನನಗೆ ಆತಂಕ ತರುವುದು ಇದೇ: ಕಣ್ಣಿನ ತೊಂದರೆ ಎಷ್ಟೋ ವರ್ಷದ ಮೇಲೆ ತಲೆ ಎತ್ತಬಹುದು.

ರಕ್ತಪರೀಕ್ಷೆಯ ಬಗ್ಗೆ ಒಂದು ಮಾತು. ಐಜಿಎಂ ಎಂದರೆ ಸೋಂಕಾದಾಗ ರಕ್ತದಲ್ಲಿ ಮೊದಲು ಕಾಣುವ ಪ್ರತಿಕಾಯ. 'ಐಜಿಎಂ ಪಾಸಿಟಿವ್' ಎಂದು ಬಂದ ಕೂಡಲೇ ಕಂಗಾಲಾಗಬೇಡಿ. ಹಳೆಯ ಸೋಂಕಿನ ಐಜಿಎಂ ವರ್ಷದವರೆಗೂ ಉಳಿದಿರಬಹುದು. ಅದೊಂದೇ ವರದಿ ನೋಡಿ ಗರ್ಭ ತೆಗೆಸುವ ಯೋಚನೆ ಖಂಡಿತ ಬೇಡ. 'ಐಜಿಜಿ ಅವಿಡಿಟಿ' ಎಂಬ ಇನ್ನೊಂದು ಪರೀಕ್ಷೆಯಿದೆ; ಐಜಿಜಿ ಎಂಬ ಪ್ರತಿಕಾಯ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ಅದು ಅಳೆಯುತ್ತದೆ. ಬಸುರಿಯ ಮೊದಲ ಮೂರು ತಿಂಗಳೊಳಗೆ ಮಾಡಿಸಿ ಅವಿಡಿಟಿ ಹೆಚ್ಚು ಎಂದು ಬಂದರೆ, ಸೋಂಕು ಬಸುರಿಗೂ ಮೊದಲಿನದು. ಮಗಳಿಗೆ ಈಗ ಎರಡು ತಿಂಗಳು, ಡಾಕ್ಟರ ಹತ್ತಿರ ಕೇಳಲು ಇದೇ ಸರಿಯಾದ ಹೊತ್ತು.

ಹೊಸ ಸೋಂಕು ಎಂದೇ ಖಚಿತವಾದರೂ ಔಷಧಿ ಇದೆ. ಮಗುವಿಗೆ ದಾಟಿದ್ದರೆ ಹುಟ್ಟಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಔಷಧಿ ಕೊಡುತ್ತಾರೆ. ಅದನ್ನು ನಡುವೆ ನಿಲ್ಲಿಸಬಾರದು. ಕಣ್ಣಿನ ತಪಾಸಣೆಯನ್ನು ಶಾಲೆಗೆ ಸೇರಿದ ಮೇಲೂ ಮುಂದುವರಿಸಿ.