‘ಮೊದ್ಲು ಕಾನ್ಫಿಡೆನ್ಸ್ ಬರ್ಲಿ, ಆಮೇಲೆ ಮಾತಾಡ್ತೀನಿ’ ಅನ್ನೋರಿಗೆ, ಇನ್ನೊಂದ್ಸಲ

ಓದುಗರ ಪ್ರಶ್ನೆ: ನಂಗೆ ಜನರ ಹತ್ರ ಮಾತಾಡೋಕೆ ತುಂಬಾ ಸಂಕೋಚ. ಏನು ಮಾತಾಡ್ಬೇಕು ಅಂತ ಹೊಳೆಯೋದೇ ಇಲ್ಲ, ನಾನು ಬೋರ್ ಅಂತ ಅವ್ರಿಗೆ ಅನ್ಸತ್ತೇನೋ ಅಂತ ಭಯ. ಮೊದ್ಲು ಕಾನ್ಫಿಡೆನ್ಸ್ ಬೆಳೆಸ್ಕೊಳ್ಳೋದು ಹೆಂಗೆ ಅಂತ ಹೇಳಿ, ಆಮೇಲೆ ಮಾತಾಡೋಕೆ ಟ್ರೈ ಮಾಡ್ತೀನಿ.

ಉತ್ತರ: ಈ ಪ್ರಶ್ನೆಗೆ ಉತ್ತರ ಬರೀತಿರೋದು ಎಷ್ಟನೇ ಸಲ ಅಂತ ಲೆಕ್ಕ ಇಡೋದನ್ನೇ ಬಿಟ್ಟಿದೀನಿ. ಕೇಳೋರು ಬೇರೆ ಬೇರೆ, ಒಬ್ರು ಕಾಲೇಜಲ್ಲಿ ಓದ್ತಿರೋರು, ಇನ್ನೊಬ್ರು ಕೆಲಸಕ್ಕೆ ಸೇರಿ ಹತ್ತು ವರ್ಷ ಆಗಿರೋರು, ಆದ್ರೆ ಕೇಳೋ ವಾಕ್ಯ ಮಾತ್ರ ಒಂದೇ ಅಚ್ಚಲ್ಲಿ ಹೊಡೆದಂಗಿರತ್ತೆ: ಮೊದ್ಲು ಕಾನ್ಫಿಡೆನ್ಸ್, ಆಮೇಲೆ ಮಾತು. ಸಂಕೋಚ ಅಂದ್ರೆ ಹೆಂಗಿರತ್ತೆ ಅಂತ ವಿವರಿಸೋಕೆ ಹೋಗಲ್ಲ, ಗುಂಪಲ್ಲಿ ಎಲ್ಲರೂ ನಗ್ತಿರುವಾಗ ಅರ್ಧಂಬರ್ಧ ನಕ್ಕು, ಫೋನ್ ತೆಗೆದು, ಬಂದೇ ಇರದ ಮೆಸೇಜನ್ನ ಗಂಭೀರವಾಗಿ ಓದೋದು ನಿಮಗೆ ಗೊತ್ತಿರೋ ವಿದ್ಯೆನೇ. ನನ್ನ ತಕರಾರಿರೋದು ಆ ‘ಮೊದ್ಲು’, ‘ಆಮೇಲೆ’ ಅನ್ನೋ ಎರಡು ಪದಗಳ ಮೇಲೆ.

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನೋ ಗಾದೆ ಇದ್ಯಲ್ಲ, ನಿಮ್ಮ ಪ್ಲ್ಯಾನ್ ಥೇಟ್ ಅದೇ. ಕಾನ್ಫಿಡೆನ್ಸ್ ಬರೋ ತನಕ ಮಾತಾಡಲ್ಲ, ಮಾತಾಡೋ ತನಕ ಕಾನ್ಫಿಡೆನ್ಸ್ ಬರಲ್ಲ. ಹಿಂಗೇ ಐದು ವರ್ಷ ಕಳೀತವೆ, ಹತ್ತು ವರ್ಷ ಕಳೀತವೆ, ಇವ್ರು ‘ಇನ್ನೂ ರೆಡಿ ಆಗ್ತಿದೀನಿ’ ಅಂತಾನೇ ಇರ್ತಾರೆ.

ಆಲ್ಬರ್ಟ್ ಬಂಡೂರ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲೇ ಇದರ ಬಗ್ಗೆ ಬರೆದ್ರು, ‘ನನ್ನ ಕೈಲಿ ಇದು ಆಗತ್ತೆ’ ಅನ್ನೋ ನಂಬಿಕೆ ಎಲ್ಲಿಂದ ಬರತ್ತೆ ಅಂತ. ಅವ್ರು ನಾಲ್ಕು ಮೂಲ ಹೇಳ್ತಾರೆ: ತಾನೇ ಮಾಡಿ ನೋಡಿದ ಅನುಭವ, ನಮ್ಮಂಥೋರೇ ಮಾಡೋದನ್ನ ನೋಡೋದು, ಬೇರೆಯವ್ರು ಹುರಿದುಂಬಿಸೋ ಮಾತು, ಆ ಹೊತ್ತಲ್ಲಿ ನಮ್ಮ ಮೈ ಹೇಳೋ ಸುದ್ದಿ, ಅಂದ್ರೆ ಎದೆ ಬಡಿತ ಬೆವರು ಇತ್ಯಾದಿ. ಇದ್ರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ್ದು ಮೊದಲನೇದು, ತಾನೇ ಮಾಡೋದು. ಆದ್ರೆ ನಾವು ಹುಡುಕ್ಕೊಂಡು ಹೋಗೋದು ಮಾತ್ರ ಮೂರನೇದನ್ನ, ಯಾಕಂದ್ರೆ ಅದು ಮಲ್ಕೊಂಡೇ ವಿಡಿಯೋದಲ್ಲಿ ಸಿಗತ್ತೆ.

ಮಾಡಿ ನೋಡೋದು ಅಂದ್ರೆ ಏನು ಅಂತ ಬೇಕಿದ್ರೆ ಆಲ್ಬರ್ಟ್ ಎಲ್ಲಿಸ್ ಕಥೆ ಕೇಳಿ. ಮುಂದೆ ಸೈಕೋಥೆರಪಿಯಲ್ಲಿ ದೊಡ್ಡ ಹೆಸರಾದ ಈ ಮನುಷ್ಯನಿಗೆ ಹತ್ತೊಂಬತ್ತನೇ ವಯಸ್ಸಲ್ಲಿ ಹುಡುಗೀರ ಹತ್ರ ಮಾತಾಡೋದಂದ್ರೆ ಕೈಕಾಲು ಬಿದ್ದೋಗ್ತಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್ ಬೊಟಾನಿಕಲ್ ಗಾರ್ಡನ್ನಿಗೆ ಒಂದು ತಿಂಗಳು ಹೋಗಿ, ಬೆಂಚ್ ಮೇಲೆ ಒಬ್ಬಳೇ ಕೂತಿರೋ ಹೆಂಗಸು ಕಂಡ್ರೆ ಅದೇ ಬೆಂಚಲ್ಲಿ ಕೂತು ಒಂದು ನಿಮಿಷದೊಳಗೆ ಮಾತು ಶುರು ಮಾಡ್ಬೇಕು ಅಂತ ತನಗೆ ತಾನೇ ರೂಲ್ ಹಾಕ್ಕೊಂಡ. ಅವನೇ ಆಮೇಲೆ ಹೇಳ್ಕೊಂಡಂಗೆ, ನೂರಾಮೂವತ್ತು ಜನರಲ್ಲಿ ಮೂವತ್ತು ಜನ ಎದ್ದು ಹೋದ್ರು, ಉಳಿದ ನೂರು ಜನರ ಹತ್ರ ಮಾತಾಡಿದ, ಅದ್ರಲ್ಲಿ ಒಬ್ಬಳು ಮಾತ್ರ ಮತ್ತೆ ಸಿಗ್ತೀನಿ ಅಂದ್ಲು, ಅವಳೂ ಬರ್ಲಿಲ್ಲ. ಹುಡುಗಿ ಸಿಗೋ ಲೆಕ್ಕದಲ್ಲಿ ನೋಡಿದ್ರೆ ಶುದ್ಧ ಸೊನ್ನೆ. ಆದ್ರೆ ಭಯ ಹೋಯ್ತು, ಯಾಕಂದ್ರೆ ಆ ನೂರು ಜನರಲ್ಲಿ ಯಾರೂ ಪೊಲೀಸ್ ಕರೀಲಿಲ್ಲ, ಯಾರೂ ಹೊಡೀಲಿಲ್ಲ, ಅವನು ಅಂದ್ಕೊಂಡಿದ್ದ ಯಾವ ಅನಾಹುತಾನೂ ಆಗ್ಲಿಲ್ಲ. (ಪಾರ್ಕಲ್ಲಿ ಕೂತಿರೋ ಹೆಂಗಸರನ್ನ ಹಿಂಗೆ ಮಾತಾಡಿಸ್ತಾ ತಿರುಗಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು. ಅದು 1930ರ ದಶಕದ ಹುಡುಗ ತನಗೆ ತಾನೇ ಕೊಟ್ಕೊಂಡ ಹೋಮ್‌ವರ್ಕ್.) ಗಮನಿಸ್ಬೇಕಾದ್ದು ಏನಂದ್ರೆ ಅವನು ಹೊರಟಾಗ ಕಾನ್ಫಿಡೆನ್ಸ್ ಇರ್ಲಿಲ್ಲ, ಭಯಾನ ಜೇಬಲ್ಲಿ ಇಟ್ಕೊಂಡೇ ಹೋದ.

ಹಂಗಾದ್ರೆ ಮೊದ್ಲು ಕಾನ್ಫಿಡೆನ್ಸ್ ಅನ್ನೋ ಈ ಐಡಿಯಾಗೆ ಇಷ್ಟು ಬಲ ಎಲ್ಲಿಂದ ಬಂತು? ಒಂದು ಕಾಲದಲ್ಲಿ ಸರ್ಕಾರದ ಮಟ್ಟದಲ್ಲೇ ಇದನ್ನ ನಂಬಿದ್ರು. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಜಾನ್ ವಾಸ್ಕೊನ್ಸೆಲೋಸ್ ಅನ್ನೋ ಶಾಸಕರ ಒತ್ತಾಯಕ್ಕೆ, ಸೆಲ್ಫ್ ಎಸ್ಟೀಮ್, ಅಂದ್ರೆ ತನ್ನ ಬಗ್ಗೆ ತನಗಿರೋ ಗೌರವ, ಅದನ್ನ ಬೆಳೆಸೋಕೆ ಅಂತಾನೇ ಒಂದು ಕಾರ್ಯಪಡೆ ಮಾಡ್ತು. ಜನ ತಮ್ಮನ್ನ ತಾವು ಇಷ್ಟಪಟ್ರೆ ಓದು, ಅಪರಾಧ, ಡ್ರಗ್ಸ್ ಎಲ್ಲಾ ಸರಿಹೋಗತ್ತೆ ಅನ್ನೋ ಆಸೆ. 1990ರಲ್ಲಿ ವರದಿನೂ ಬಂತು, ಅಲ್ಲಿಂದಾಚೆ ಶಾಲೆಗಳಲ್ಲಿ ಪುಸ್ತಕಗಳಲ್ಲಿ ಇದೇ ಜಪ. 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತೆ ಅವರ ಜೊತೆಗಾರರು ಅಲ್ಲೀವರೆಗಿನ ಸಂಶೋಧನೆ ಎಲ್ಲಾ ಗುಡ್ಡೆ ಹಾಕ್ಕೊಂಡು ಜರಡಿ ಹಿಡಿದ್ರು. ಚೆನ್ನಾಗಿ ಓದೋ ಮಕ್ಕಳಿಗೆ ಸೆಲ್ಫ್ ಎಸ್ಟೀಮ್ ಜಾಸ್ತಿ ಇರತ್ತೆ ನಿಜ, ಆದ್ರೆ ಅದು ಒಂದು ಪಾಲು ಓದಿನ ಫಲ, ಓದಿನ ಬೀಜ ಅಲ್ಲ. ಇನ್ನೊಂದು ಮಜಾ, ಸೆಲ್ಫ್ ಎಸ್ಟೀಮ್ ಜಾಸ್ತಿ ಇರೋರು ‘ನಾನು ಎಲ್ಲರಿಗೂ ಇಷ್ಟ’ ಅಂತ ಹೇಳ್ಕೋತಾರೆ, ಆ ‘ಎಲ್ಲರನ್ನ’ ಹೋಗಿ ಕೇಳಿದ್ರೆ ಅಂಥಾ ವ್ಯತ್ಯಾಸ ಏನೂ ಕಾಣಲ್ಲ! ಅವ್ರು ಹೊಸಬರ ಹತ್ರ ಮಾತು ಶುರು ಮಾಡೋಕೆ ಹಿಂಜರಿಯೋದು ಕಮ್ಮಿ, ಅಷ್ಟು ಮಾತ್ರ ಒಪ್ಪಬೇಕು. ನೀವು ಹೊಟ್ಟೆಕಿಚ್ಚು ಪಡೋ ಆ ಮಾತುಗಾರನ ಹತ್ರ ಇರೋ ಆಸ್ತಿ ಇಷ್ಟೇ, ಅವನು ಶುರು ಮಾಡ್ತಾನೆ, ನೀವು ಮಾಡಲ್ಲ.

ಕನ್ನಡಿ ಮುಂದೆ ನಿಂತು ‘ನಾನು ಗ್ರೇಟ್, ಎಲ್ಲರಿಗೂ ನಾನು ಇಷ್ಟ’ ಅಂತ ದಿನಾ ಹೇಳ್ಕೊಳ್ಳೋರಿಗೂ ಎರಡು ಮಾತು. 2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋನ್ ವುಡ್ ಇದನ್ನೇ ಪರೀಕ್ಷೆ ಮಾಡಿದ್ರು, ‘ನಾನು ಪ್ರೀತಿಗೆ ಅರ್ಹ’ ಅನ್ನೋ ಅರ್ಥದ ಮಾತನ್ನ ಮತ್ತೆ ಮತ್ತೆ ಹೇಳ್ಕೊಳ್ಳಿ ಅಂತ. ಸೆಲ್ಫ್ ಎಸ್ಟೀಮ್ ಮೊದಲೇ ಚೆನ್ನಾಗಿದ್ದೋರಿಗೆ ಚೂರು ಖುಷಿ ಆಯ್ತು, ಕಮ್ಮಿ ಇದ್ದೋರಿಗೆ ಹೇಳ್ಕೊಂಡ ಮೇಲೆ ಇನ್ನೂ ಬೇಜಾರಾಯ್ತು. ಒಂದೇ ಸಂಶೋಧನೇನ ಕಲ್ಲಲ್ಲಿ ಕೆತ್ತೋದು ಬೇಡ, ಆದ್ರೆ ಕಾರಣ ಊಹಿಸೋದು ಕಷ್ಟ ಅಲ್ಲ, ನಾನು ಗ್ರೇಟ್ ಅಂದ ತಕ್ಷಣ ಒಳಗಿಂದ ಒಂದು ದನಿ ‘ಹೌದಾ? ಮೊನ್ನೆ ಏನಾಯ್ತು ನೆನಪಿದ್ಯಾ?’ ಅಂತ ಲಿಸ್ಟ್ ತೆಗೆಯತ್ತಲ್ಲ. ಸೊಂಟಕ್ಕೆ ಕೈ ಕೊಟ್ಟು ಎರಡು ನಿಮಿಷ ಹೀರೋ ಥರ ನಿಂತ್ಕೊಂಡ್ರೆ ಮೈಯಲ್ಲಿ ಹಾರ್ಮೋನೇ ಬದಲಾಗತ್ತೆ ಅನ್ನೋ ಪವರ್ ಪೋಸ್ ಕಥೇನೂ ಅಷ್ಟೇ. 2010ರ ಮೂಲ ಪ್ರಯೋಗದಲ್ಲಿ ಇದ್ದಿದ್ದು 42 ಜನ, 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿ ನೋಡಿದ್ರೆ ಹಾರ್ಮೋನ್ ಜಪ್ಪಯ್ಯ ಅನ್ಲಿಲ್ಲ, 2016ರಲ್ಲಿ ಮೂಲ ಲೇಖನದ ಮೊದಲ ಲೇಖಕಿ ಡಾನಾ ಕಾರ್ನಿ ಅವರೇ ಈ ಪರಿಣಾಮ ನಿಜ ಅಂತ ನನಗೆ ನಂಬಿಕೆ ಇಲ್ಲ ಅಂದುಬಿಟ್ರು. ಅಷ್ಟಾದ್ರೂ ಇವತ್ತಿಗೂ ನನಗೆ ಆ ಪೋಸಿನ ಫೋಟೋ ಫಾರ್ವರ್ಡ್ ಬರೋದು ನಿಂತಿಲ್ಲ.

ಇಲ್ಲಿಗೆ ಬಂದಾಗ ಎಲ್ಲರೂ ಕೇಳೋದು, ಸರಿ, ಭಯ ಇಟ್ಕೊಂಡೇ ಮಾತಾಡ್ದೆ, ಎಡವಟ್ಟಾಯ್ತು, ಆಗ? ಆಗ ಏನೂ ಇಲ್ಲ. ನಿಮ್ಮ ಎಡವಟ್ಟಿಗೆ ನೀವಂದ್ಕೊಂಡಷ್ಟು ಪ್ರೇಕ್ಷಕರೇ ಇಲ್ಲ. 2000ದಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ ಟಾಮ್ ಗಿಲೋವಿಚ್ ತಂಡದವ್ರು ವಿದ್ಯಾರ್ಥಿಗಳಿಗೆ, ಹಾಕ್ಕೊಳ್ಳೋಕೆ ನಾಚಿಕೆ ಆಗೋಂಥ ಟೀಶರ್ಟ್ ಹಾಕಿಸಿ, ಜನ ತುಂಬಿದ ರೂಮಿಗೆ ಕಳಿಸಿದ್ರು. ಸುಮಾರು ಅರ್ಧದಷ್ಟು ಜನ ಇದನ್ನ ನೋಡಿರ್ತಾರೆ ಅಂತ ಹಾಕ್ಕೊಂಡೋರ ಅಂದಾಜು, ನಿಜವಾಗಿ ಗಮನಿಸಿದ್ದು ಕಾಲು ಭಾಗದ ಆಸುಪಾಸು. ಇನ್ನು ಬೋರ್ ಅಂತ ಅನ್ಸತ್ತೇನೋ ಅನ್ನೋ ನಿಮ್ಮ ಭಯಕ್ಕೆ 2018ರಲ್ಲಿ ಎರಿಕಾ ಬೂತ್‌ಬಿ ಮತ್ತೆ ಜೊತೆಗಾರರು ಮಾಡಿದ ಕೆಲಸ ಇದೆ. ಪರಿಚಯ ಇಲ್ಲದ ಇಬ್ಬಿಬ್ಬರನ್ನ ಮಾತಾಡೋಕೆ ಬಿಟ್ಟು, ಆಮೇಲೆ ‘ಅವ್ರು ನಿಮಗೆ ಎಷ್ಟು ಇಷ್ಟ ಆದ್ರು, ನೀವು ಅವ್ರಿಗೆ ಎಷ್ಟು ಇಷ್ಟ ಆಗಿರ್ಬೋದು’ ಅಂತ ಬೇರೆ ಬೇರೆ ಕೇಳಿದ್ರೆ, ಇಬ್ರೂ ತಾವು ಕಮ್ಮಿ ಇಷ್ಟ ಆಗಿದೀವಿ ಅಂತಾನೇ ಬರೆದ್ರು. ಸಂಕೋಚದೋರಲ್ಲಿ ಈ ಅಂತರ ಇನ್ನೂ ಜಾಸ್ತಿ. ಒಂದೇ ಹಾಸ್ಟೆಲಲ್ಲಿ ತಿಂಗಳುಗಟ್ಟಲೆ ಜೊತೆಗಿದ್ದ ವಿದ್ಯಾರ್ಥಿಗಳಲ್ಲೂ ಇದು ಬೇಗ ಹೋಗ್ಲಿಲ್ಲ. ಅಂದ್ರೆ ನೀವು ವಾಪಸ್ ಬರ್ತಾ ದಾರಿಯುದ್ದಕ್ಕೂ ‘ಛೇ, ಹಂಗ್ಯಾಕಂದೆ’ ಅಂತ ಕೊರಗ್ತಿರುವಾಗ, ಆ ಕಡೆ ಆಸಾಮಿನೂ ಅದನ್ನೇ ಕೊರಗ್ತಾ ಮನೆ ಸೇರಿರ್ತಾನೆ.

ಈಗ ಏನು ಮಾತಾಡ್ಬೇಕು ಹೊಳೆಯಲ್ಲ ಅನ್ನೋದು. ಹೊಳೆಯಲ್ಲ ಯಾಕಂದ್ರೆ ನಿಮ್ಮ ಕಿವಿ ಅಲ್ಲಿಲ್ಲ. ಒಂದ್ಸಲ ಒಂದು ಟ್ರೈನಿಂಗಲ್ಲಿ ಎಲ್ಲರೂ ಸರತಿ ಪ್ರಕಾರ ಪರಿಚಯ ಹೇಳ್ಕೊಳ್ಬೇಕಿತ್ತು, ನನ್ನದು ಹನ್ನೊಂದನೇ ಸರದಿ, ಮೊದಲ ಹತ್ತು ಜನ ಮಾತಾಡೋವಷ್ಟು ಹೊತ್ತೂ ನಾನು ನನ್ನ ಎರಡು ವಾಕ್ಯಾನ ಮನಸಲ್ಲಿ ಉರು ಹೊಡೀತಾ ಕೂತಿದ್ದೆ, ನನ್ನದು ಮುಗಿದ ಮೇಲೂ ‘ಸರಿಯಾಗಿ ಹೇಳಿದ್ನಾ’ ಅಂತ ಲೆಕ್ಕ ಹಾಕ್ತಾ ಇನ್ನೂ ನಾಲ್ಕು ಜನರನ್ನ ಕಳ್ಕೊಂಡೆ, ಮಧ್ಯಾಹ್ನ ಪಕ್ಕದಲ್ಲಿ ಬಂದು ಕೂತೋರ ಹೆಸರೂ ಗೊತ್ತಿಲ್ಲ, ಏನಂತ ಮಾತಾಡ್ಸೋದು? ಡೇವಿಡ್ ಕ್ಲಾರ್ಕ್, ಏಡ್ರಿಯನ್ ವೆಲ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1995ರಲ್ಲಿ ಸಾಮಾಜಿಕ ಆತಂಕದ ಬಗ್ಗೆ ಕೊಟ್ಟ ವಿವರಣೆ ಓದಿದಾಗ ನನ್ನ ಕಥೆನೇ ಬರೆದಂಗಿತ್ತು. ಗಮನ ಎಲ್ಲಾ ಒಳಗೆ ತಿರುಗ್ಕೊಳ್ಳತ್ತೆ, ನನ್ನ ಮುಖ ಹೆಂಗಿದೆ, ದನಿ ನಡುಗ್ತಿದ್ಯಾ ಅಂತ. ಬಚಾವಾಗೋಕೆ ಅಂತ ಮಾಡೋ ಉಪಾಯಗಳು, ಅಂದ್ರೆ ವಾಕ್ಯ ಉರು ಹೊಡೆಯೋದು, ಕಣ್ಣು ತಪ್ಪಿಸೋದು, ಚುಟುಕಾಗಿ ಮುಗಿಸೋದು, ಅವೇ ನಮ್ಮನ್ನ ಬಿಗುಮಾನದೋರ ಥರ ಕಾಣಿಸ್ತವೆ.

ಹಾಗಾಗಿ ವಿಷಯಗಳ ಪಟ್ಟಿ ಕೇಳ್ಬೇಡಿ, ಕೊಡಲ್ಲ. ಅವ್ರು ಈಗಷ್ಟೇ ಹೇಳಿದ್ರಲ್ಲಿ ಒಂದು ಎಳೆ ಹಿಡ್ಕೊಂಡು ಅದರ ಮೇಲೇ ಇನ್ನೊಂದು ಪ್ರಶ್ನೆ ಕೇಳಿ, ಸಾಕು. ‘ಮನೆ ಬದಲಾಯಿಸ್ದೆ, ಸುಸ್ತಾಗಿದೆ’ ಅಂತ ಅವ್ರು ಅಂದಾಗ ನೀವು ‘ಓ ಹೌದಾ’ ಅಂದ್ರೆ ಮಾತು ಅಲ್ಲೇ ಸತ್ತೋಯ್ತು, ‘ನಾನೂ ಹೋದ ವರ್ಷ ಬದಲಾಯಿಸ್ದೆ’ ಅಂತ ಶುರು ಮಾಡಿದ್ರೆ ಮಾತು ನಿಮ್ಮ ಮನೆಗೆ ಬಂತು, ‘ಎಲ್ಲಾ ಬಿಚ್ಚಿಟ್ರಾ, ಇನ್ನೂ ಡಬ್ಬದಲ್ಲೇ ಇದ್ಯಾ?’ ಅಂತ ಕೇಳಿ ನೋಡಿ. ಕ್ಯಾರೆನ್ ಹುವಾಂಗ್ ಮತ್ತೆ ಹಾರ್ವರ್ಡಿನ ಸಂಶೋಧಕರು 2017ರಲ್ಲಿ ತೋರಿಸಿದ್ದೂ ಇದನ್ನೇ, ಪ್ರಶ್ನೆ ಜಾಸ್ತಿ ಕೇಳಿದೋರು ಜಾಸ್ತಿ ಇಷ್ಟ ಆಗ್ತಾರೆ, ಅದ್ರಲ್ಲೂ ಹೇಳಿದ್ದರ ಮೇಲೇ ಮುಂದುವರಿಸಿ ಕೇಳೋ ಪ್ರಶ್ನೆಗಳಿಂದ. ಕಿವಿ ಕೊಟ್ಟಿದೀನಿ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದ್ರೆ ಬರೀ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ತಾ ಹೋಗ್ಬೇಡಿ, ಅದು ಇಂಟರ್‌ವ್ಯೂ ಆಗತ್ತೆ, ಎರಡು ಕೇಳಿದ ಮೇಲೆ ನಿಮ್ಮದೂ ಒಂದು ಹೇಳಿ. ದಿನಕ್ಕೆ ಒಬ್ಬರ ಹತ್ರ ಒಂದು ಮುಂದುವರಿಸೋ ಪ್ರಶ್ನೆ, ಎರಡು ವಾರ. ಭಯ ಇದ್ರೆ ಇರ್ಲಿ, ಅದನ್ನ ಕಳಿಸಿ ಆಮೇಲೆ ಹೊರಡೋ ಕೆಲಸ ಬೇಡ.

ಎರಡು ಸಣ್ಣ ವಿಷಯ ಬೇಗ ಮುಗಿಸ್ತೀನಿ. ಸಂಕೋಚ ಬೇರೆ, ಇಂಟ್ರೊವರ್ಟ್ ಬೇರೆ. ಒಬ್ಬರೇ ಇದ್ರೆ ಹಾಯಾಗಿರೋರಿಗೆ ಈ ಲೇಖನ ಬೇಕಿಲ್ಲ, ಸೇರ್ಬೇಕು ಅಂತ ಆಸೆ ಇದ್ದೂ ಭಯಕ್ಕೆ ಹಿಂದೆ ಉಳಿಯೋರಿಗೆ ಇದು. ಮತ್ತೆ ಈ ಭಯ ಆರು ತಿಂಗಳಿಗಿಂತ ಜಾಸ್ತಿ ಇದ್ದು, ಕ್ಲಾಸು ಕೆಲಸ ಆಸ್ಪತ್ರೆ ಭೇಟಿ ಇವನ್ನೆಲ್ಲ ತಪ್ಪಿಸೋ ಮಟ್ಟಕ್ಕೆ ಹೋಗಿದ್ರೆ ಅದು ಬರೀ ನಾಚಿಕೆ ಅಲ್ಲದೇ ಇರ್ಬೋದು, ಸಾಮಾಜಿಕ ಆತಂಕ ಅಂತ ಒಂದು ಕಾಯಿಲೆ ಇದೆ, ಅದಕ್ಕೆ ಒಳ್ಳೆ ಚಿಕಿತ್ಸೆ ಇದೆ, ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಇದರ ಚಿಕಿತ್ಸೆಯಲ್ಲೂ ಭಯ ಪೂರ್ತಿ ಹೋಗ್ಲಿ ಅಂತ ಕಾಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಎದುರಿಸೋದನ್ನೇ ಮಾಡಿಸ್ತಾರೆ.

ಇಷ್ಟು ವರ್ಷದಲ್ಲಿ ಮಾತು ಶುರು ಮಾಡೋದು ಹೆಂಗೆ ಅಂತ ಕೇಳ್ದೋರು ಲೆಕ್ಕ ಇಲ್ಲದಷ್ಟು, ಮುಗಿಸೋದು ಹೆಂಗೆ ಅಂತ ಒಬ್ರೂ ಕೇಳಿಲ್ಲ. ಆದ್ರೆ ಸಂಕೋಚದ ಅರ್ಧ ಭಯ ಅಲ್ಲೇ ಇರೋದು ಅಂತ ನನ್ನ ಅನುಮಾನ, ಶುರು ಮಾಡಿದ್ರೆ ಹೊರಗೆ ಬರೋ ಬಾಗಿಲೆಲ್ಲಿ ಅಂತ. 2021ರಲ್ಲಿ ಆಡಮ್ ಮಾಸ್ಟ್ರಿಯಾನಿ, ಡೇನಿಯಲ್ ಗಿಲ್ಬರ್ಟ್ ಮತ್ತಿತರರು ನೂರಾರು ಜನರನ್ನ ಕೇಳಿದ್ರು, ನಿಮ್ಮ ಮಾತುಕತೆ ನಿಮಗೆ ಬೇಕಾದಾಗ ಮುಗೀತಾ ಅಂತ. ಇಬ್ಬರಿಗೂ ಬೇಕಾದ ಹೊತ್ತಿಗೇ ಮುಗಿದ ಮಾತುಕತೆ ಹೆಚ್ಚುಕಮ್ಮಿ 2 ಪರ್ಸೆಂಟ್! ಕೆಲವ್ರಿಗೆ ಬೇಗ ಸಾಕಾಗಿತ್ತು, ಕೆಲವ್ರಿಗೆ ಇನ್ನೂ ಬೇಕಿತ್ತು, ಬೇಜಾರಾಗತ್ತೇನೋ ಅಂತ ಯಾರೂ ಬಾಯಿ ಬಿಡ್ಲಿಲ್ಲ. ಹಾಗಾಗಿ ಮಾತು ನಿಂತಾಗ ‘ನನ್ನಿಂದ್ಲೇ ಬೋರಾಯ್ತು’ ಅಂತ ತೀರ್ಪು ಕೊಡೋಕೆ ಹೋಗ್ಬೇಡಿ. ಮಾತು ಪೂರ್ತಿ ಒಣಗೋ ತನಕ ಕಾಯ್ಬೇಡಿ, ಇನ್ನೂ ಚೂರು ಬಿಸಿ ಇರುವಾಗ್ಲೇ ‘ನಾನು ಹೊರಡ್ತೀನಿ, ಮುಂದಿನ ಸಲ ಸಿಕ್ಕಾಗ ಆ ಡಬ್ಬ ಎಲ್ಲಾ ಬಿಚ್ಚಿಟ್ರಾ ಅಂತ ಕೇಳ್ತೀನಿ’ ಅಂತ ಹೇಳಿ ಎದ್ದುಬಿಡಿ. ಕೇಳಿ ಕೂಡ. ಮುಂದಿನ ಸಲಕ್ಕೆ ಮೊದಲ ವಾಕ್ಯ ಏನು ಅಂತ ಹುಡುಕೋ ಕೆಲಸ ಇರಲ್ಲ.